ಲಿಫ್ಟರ್ ಯಾವುದೇ ಇರಲಿ, ಅಳತೆ ತಪ್ಪಬಾರದು

ಪ್ರಶ್ನೆ: ನಾನು ಟೆಕ್ಸಾಸಿನ ಆಸ್ಟಿನ್‌ನಲ್ಲಿದ್ದೇನೆ. ನನ್ನ ಹತ್ತಿರ 2002ರ ಶೆವ್ರೊಲೆ ಕಮಾರೊ ಝಡ್28 ಇದೆ. 5.7 ಲೀಟರಿನ ಎಲ್‌ಎಸ್1 ಎಂಜಿನ್, 1,12,000 ಮೈಲಿ ಓಡಿದೆ. ಈಗ ದೊಡ್ಡ ಕ್ಯಾಮ್ (ವಾಲ್ವ್ ತೆರೆಸುವ ಉಬ್ಬುಗಳಿರುವ ಶಾಫ್ಟ್) ಹಾಕಿಸುತ್ತಿದ್ದೇನೆ: ವಾಲ್ವ್ ತೆರೆದಿರುವ ಅವಧಿ 228/232 ಡಿಗ್ರಿ, ವಾಲ್ವ್ ತೆರೆಯುವ ದೂರ ಅಂದರೆ ಲಿಫ್ಟ್ 0.585 ಇಂಚು. ಹೆಡ್ ಇಳಿಸಿ, ಅದರ ತಳದಿಂದ 30 ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಕೆರೆದು ತೆಗೆಯುವ ಮಿಲ್ಲಿಂಗ್ ಕೂಡ ಮಾಡಿಸುತ್ತೇನೆ. ಕ್ಯಾಮ್ ಮೇಲೆ ಕೂತು ವಾಲ್ವ್ ಎತ್ತಿಸುವ ಹಳೇ ಲಿಫ್ಟರ್‌ಗಳೇ ನಡೆಯುತ್ತವೆಯೇ? ಒಬ್ಬರು ಎಲ್‌ಎಸ್7 ಲಿಫ್ಟರ್ ಸಾಕು ಅನ್ನುತ್ತಾರೆ. ಇನ್ನೊಬ್ಬರು ಲಿಂಕ್‌ಬಾರ್ ಇರುವ ಶಾರ್ಟ್ ಟ್ರಾವೆಲ್ ಲಿಫ್ಟರ್ ತಗೊಳ್ಳಿ ಅನ್ನುತ್ತಾರೆ. ಗೆಳೆಯನೊಬ್ಬ ಸಾಲಿಡ್ ರೋಲರ್ ಹಾಕಿಸು ಅನ್ನುತ್ತಾನೆ. ದಿನಾ ಆಫೀಸಿಗೆ ಓಡಿಸುವ ಕಾರು, ತಿಂಗಳಿಗೊಮ್ಮೆ ಡ್ರ್ಯಾಗ್ ಸ್ಟ್ರಿಪ್‌ಗೆ (ನೇರ ಓಟದ ರೇಸ್ ಟ್ರ್ಯಾಕ್) ಹೋಗುತ್ತೇನೆ. 6,600 ಆರ್‌ಪಿಎಂ ದಾಟಿಸುವುದಿಲ್ಲ.

ಉತ್ತರ: ನೇರವಾಗಿ ಮೊದಲೇ ಹೇಳಿಬಿಡುತ್ತೇನೆ. ಹಳೇ ಲಿಫ್ಟರ್ ಬೇಡ. ಸಾಲಿಡ್ ರೋಲರೂ ಬೇಡ. ನಿಮ್ಮ ಕ್ಯಾಮ್‌ಗೆ, ನಿಮ್ಮ ಓಡಾಟಕ್ಕೆ ಎಲ್‌ಎಸ್7 ಲಿಫ್ಟರ್ ಧಾರಾಳವಾಗಿ ಸಾಕು. ಆದರೆ ಎರಡು ಷರತ್ತು ಇವೆ. ಜೊತೆಗೆ ಹೊಸ ಪ್ಲಾಸ್ಟಿಕ್ ಟ್ರೇ ಹಾಕಲೇಬೇಕು. ಪುಶ್‌ರಾಡ್‌ಗಳನ್ನು ಅಳತೆ ನೋಡಿದ ಮೇಲೆಯೇ ಆರ್ಡರ್ ಮಾಡಬೇಕು. ಈ ಎರಡನ್ನು ಬಿಟ್ಟು ಎಷ್ಟೇ ದುಬಾರಿ ಲಿಫ್ಟರ್ ತಂದರೂ ದುಡ್ಡು ನೀರಿಗೆ ಹಾಕಿದ ಹಾಗೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಊರಿನಲ್ಲಿ ಅಂಬಾಸಿಡರ್ ನೋಡಿಕೊಂಡು ಬೆಳೆದವರಿಗೆ ಈ ವಸ್ತು ಹೊಸದೇನಲ್ಲ. ಅಲ್ಲಿ ನಾವು ಟ್ಯಾಪೆಟ್ ಅಂತೀವಿ, ಅಮೆರಿಕದಲ್ಲಿ ಲಿಫ್ಟರ್ ಅಂತಾರೆ. ಕ್ಯಾಮ್‌ಶಾಫ್ಟ್ ಕೆಳಗೆ ಬ್ಲಾಕಿನಲ್ಲಿ ಇರುತ್ತದೆ, ವಾಲ್ವ್ ಮೇಲೆ ಹೆಡ್ಡಿನಲ್ಲಿ. ಕ್ಯಾಮ್‌ನ ಉಬ್ಬು ಲಿಫ್ಟರನ್ನು ಎತ್ತುತ್ತದೆ, ಲಿಫ್ಟರ್ ಪುಶ್‌ರಾಡನ್ನು ಎತ್ತುತ್ತದೆ, ಪುಶ್‌ರಾಡ್ ರಾಕರನ್ನು ತಿರುಗಿಸುತ್ತದೆ, ರಾಕರ್ ವಾಲ್ವನ್ನು ಒತ್ತುತ್ತದೆ. ಅಂಬಾಸಿಡರ್‌ನಲ್ಲಿ ಮೆಕ್ಯಾನಿಕ್ ಫೀಲರ್ ಗೇಜ್ ತೂರಿಸಿ, ಸ್ಕ್ರೂ ತಿರುಗಿಸಿ ಗ್ಯಾಪ್ ಇಡುತ್ತಿದ್ದದ್ದು ನೆನಪಿದೆಯಲ್ವಾ? ನಿಮ್ಮ ಎಲ್‌ಎಸ್1ನಲ್ಲಿ ಆ ಸ್ಕ್ರೂ ಇಲ್ಲ. ಲಿಫ್ಟರ್ ಒಳಗೆ ತುಂಬಿಕೊಳ್ಳುವ ಆಯಿಲ್ಲೇ ಆ ಗ್ಯಾಪನ್ನು ಮುಚ್ಚುತ್ತದೆ. ಅದಕ್ಕೇ ಅದು ಹೈಡ್ರಾಲಿಕ್ ಲಿಫ್ಟರ್. ತುದಿಯಲ್ಲಿ ಸಣ್ಣ ಚಕ್ರ ಇರುವುದರಿಂದ ಹೈಡ್ರಾಲಿಕ್ ರೋಲರ್.

ಈ ಪುಟ್ಟ ವಸ್ತು ಎಷ್ಟು ಭಾರ ಹೊರುತ್ತದೆ ಅಂತ ಒಂದು ಲೆಕ್ಕ ನೋಡಿ. ನಿಮ್ಮ ಕ್ಯಾಮ್‌ಗೆ ಹಾಕುವ ಡಬಲ್ ಸ್ಪ್ರಿಂಗ್ ವಾಲ್ವ್ ಪೂರ್ತಿ ತೆರೆದಾಗ ಸುಮಾರು 380 ಪೌಂಡ್ ಒತ್ತುತ್ತದೆ ಅಂತ ಇಟ್ಟುಕೊಳ್ಳಿ. ಎಲ್‌ಎಸ್1 ರಾಕರಿನ ಅನುಪಾತ 1.7. ಅಂದರೆ ಲಿಫ್ಟರ್ ಮೇಲೆ ಬೀಳುವ ಭಾರ 1.7 ಪಟ್ಟು, 646 ಪೌಂಡ್. ಕೆಜಿ ಲೆಕ್ಕದಲ್ಲಿ ಹತ್ತಿರ ಹತ್ತಿರ 293. ಐವತ್ತು ಕೆಜಿಯ ಆರು ಅಕ್ಕಿ ಮೂಟೆ! ಅದೂ 0.842 ಇಂಚು ವ್ಯಾಸದ, ಹೆಬ್ಬೆರಳಿನಷ್ಟು ದಪ್ಪದ ಒಂದು ಉಕ್ಕಿನ ತುಂಡಿನ ಮೇಲೆ. 6,600 ಆರ್‌ಪಿಎಂನಲ್ಲಿ ಕ್ಯಾಮ್ ನಿಮಿಷಕ್ಕೆ 3,300 ಸುತ್ತು ತಿರುಗುತ್ತದೆ. ಸೆಕೆಂಡಿಗೆ 55 ಸಲ ಆ ಮೂಟೆಗಳನ್ನು ಎತ್ತಿ ಇಳಿಸುವ ಕೆಲಸ. ಹಾಗೆ ಒತ್ತುವಾಗ ಒಳಗಿನ ಆಯಿಲ್ ಸೋರಿ ಹೋಗದಂತೆ ಹಿಡಿಯುವುದು ಒಂದು ಸಣ್ಣ ಚೆಕ್ ವಾಲ್ವ್, ಮತ್ತೆ ಪ್ಲಂಜರ್ (ಲಿಫ್ಟರ್ ಒಳಗೆ ಮೇಲೆ ಕೆಳಗೆ ಜಾರುವ ತುಂಡು) ಸುತ್ತ ಇರುವ ಕೂದಲಿಗಿಂತ ತೆಳುವಾದ ಸಂದು. ಆ ಸಂದು ಸವೆದರೆ ಲಿಫ್ಟರ್ ಕುಗ್ಗುತ್ತದೆ. ನೀವು ದುಡ್ಡು ಕೊಟ್ಟು ಹಾಕಿಸಿದ 0.585 ಇಂಚು ಲಿಫ್ಟ್ ವಾಲ್ವ್‌ಗೆ ತಲುಪುವುದೇ ಇಲ್ಲ.

ಹಳೇ ಲಿಫ್ಟರ್ ಬೇಡ ಅನ್ನುವುದು ಇದಕ್ಕೇ. ಫ್ಯಾಕ್ಟರಿ ಕ್ಯಾಮ್ ಮತ್ತು ಮೆತ್ತನೆ ಸ್ಪ್ರಿಂಗ್ ಜೊತೆ ಅವು ಇನ್ನೂ ಐವತ್ತು ಸಾವಿರ ಮೈಲಿ ಸದ್ದಿಲ್ಲದೆ ಓಡಿಬಿಡಬಹುದು. ಹೊಸ ಸ್ಪ್ರಿಂಗಿನ ಭಾರ ಬಿದ್ದಾಗ ಮಾತ್ರ ಅವುಗಳ ವಯಸ್ಸು ಗೊತ್ತಾಗುತ್ತದೆ. ಇನ್ನೊಂದು ವಿಷಯ. ಎಲ್‌ಎಸ್ ಎಂಜಿನ್ನಿನಲ್ಲಿ ಲಿಫ್ಟರ್ ತೆಗೆಯಬೇಕಾದರೆ ಹೆಡ್ ಇಳಿಸಲೇಬೇಕು. ಬರೀ ಕ್ಯಾಮ್ ಬದಲಿಸುವವರು ಹೆಡ್ ಮುಟ್ಟದೆ, ಕ್ಯಾಮನ್ನು ಒಂದೆರಡು ಸುತ್ತು ತಿರುಗಿಸಿ, ಲಿಫ್ಟರ್‌ಗಳನ್ನು ಟ್ರೇಯಲ್ಲೇ ಮೇಲಕ್ಕೆ ಸಿಕ್ಕಿಸಿ ಕೆಲಸ ಮುಗಿಸುತ್ತಾರೆ. ನೀವಂತೂ ಮಿಲ್ಲಿಂಗಿಗೆ ಹೆಡ್ ಇಳಿಸುತ್ತಿದ್ದೀರಿ. ಹೊಸ ಗ್ಯಾಸ್ಕೆಟ್, ಹೊಸ ಹೆಡ್ ಬೋಲ್ಟ್ ಎಲ್ಲಾ ಹೇಗೂ ಬೇಕು. ಫ್ಯಾಕ್ಟರಿ ಹೆಡ್ ಬೋಲ್ಟನ್ನು ಒಂದು ಸಲ ಎಳೆದು ಬಿಗಿ ಮಾಡಿದರೆ ಮುಗಿಯಿತು, ಮತ್ತೆ ಬಳಸುವಂತಿಲ್ಲ. ಇಷ್ಟು ಬಿಚ್ಚಿದ ಮೇಲೆ ಹದಿನಾರು ಹಳೇ ಲಿಫ್ಟರ್ ವಾಪಸ್ ಕೂರಿಸುವುದರಲ್ಲಿ ಅರ್ಥವಿಲ್ಲ.

ಈಗ ಟ್ರೇ ವಿಷಯ. ಇದನ್ನು ಜನ ಕೈಬಿಡುತ್ತಾರೆ, ನಾನೂ ಒಂದು ಸಲ ಕೈಬಿಟ್ಟು ಪಾಠ ಕಲಿತೆ.

ರೋಲರ್ ಲಿಫ್ಟರ್ ತನ್ನ ಬೋರಿನಲ್ಲಿ ಮೇಲೆ ಕೆಳಗೆ ಆಡಬೇಕೇ ಹೊರತು ತಿರುಗಬಾರದು. ಚಕ್ರ ಯಾವಾಗಲೂ ಕ್ಯಾಮ್‌ನ ದಿಕ್ಕಿಗೇ ಇರಬೇಕು. ಎಲ್‌ಎಸ್‌ನಲ್ಲಿ ಆ ಕೆಲಸ ಮಾಡುವುದು ನಾಲ್ಕು ಪ್ಲಾಸ್ಟಿಕ್ ಟ್ರೇಗಳು. ಒಂದೊಂದು ಟ್ರೇ ನಾಲ್ಕು ಲಿಫ್ಟರ್‌ಗಳನ್ನು ಅವುಗಳ ಚಪ್ಪಟೆ ಬದಿಯಲ್ಲಿ ಹಿಡಿದುಕೊಂಡಿರುತ್ತದೆ. ಲಕ್ಷ ಮೈಲಿ ಬಿಸಿ ಆಯಿಲ್ಲಿನಲ್ಲಿ ಬೆಂದ ಪ್ಲಾಸ್ಟಿಕ್ ಗಟ್ಟಿಯಾಗಿ, ಅಂಚು ಸವೆದು ಹಿಡಿತ ಕಳೆದುಕೊಳ್ಳುತ್ತದೆ. ಕೈಯಲ್ಲೇ ಪರೀಕ್ಷೆ ಮಾಡಬಹುದು. ಹೊಸ ಟ್ರೇಗೆ ಒಂದು ಲಿಫ್ಟರ್ ಸಿಕ್ಕಿಸಿ ತಲೆಕೆಳಗು ಹಿಡಿಯಿರಿ, ಅಲ್ಲೇ ನಿಲ್ಲುತ್ತದೆ. ಬೆರಳಲ್ಲಿ ಒತ್ತಿದರೆ ಮಾತ್ರ ಜಾರುತ್ತದೆ. ಹಳೇ ಟ್ರೇಗೆ ಸಿಕ್ಕಿಸಿ ಹಿಡಿದರೆ ತನ್ನ ಭಾರಕ್ಕೇ ಟಪಕ್ಕನೆ ಕೆಳಗೆ ಬೀಳುತ್ತದೆ. ಬೆರಳಲ್ಲಿ ಲಿಫ್ಟರನ್ನು ಎಡಕ್ಕೆ ಬಲಕ್ಕೆ ತಿರುವಿ ನೋಡಿ, ಹಳೆಯದರಲ್ಲಿ ಆಟ ಎದ್ದು ಕಾಣುತ್ತದೆ.

ಕೆಲವು ವರ್ಷದ ಹಿಂದೆ ಒಂದು ಕಾರಿಗೆ ಹೊಸ ಲಿಫ್ಟರ್ ಹಾಕಿದೆ, ಟ್ರೇ ಚೆನ್ನಾಗಿದೆ ಅನ್ನಿಸಿ ಹಳೆಯದನ್ನೇ ಕೂರಿಸಿದೆ. ಕೆಲವೇ ತಿಂಗಳಿಗೆ ಆ ಕಾರು ಟಕಟಕ ಸದ್ದು ಮಾಡುತ್ತಾ ವಾಪಸ್ ಬಂತು. ಬಿಚ್ಚಿ ನೋಡಿದರೆ ಒಂದು ಲಿಫ್ಟರ್ ಬೋರಿನಲ್ಲಿ ಅಡ್ಡ ತಿರುಗಿಕೊಂಡಿತ್ತು. ಚಕ್ರ ಉರುಳುವ ಬದಲು ಉಜ್ಜಿಕೊಂಡು ಹೋಗಿತ್ತು. ಕ್ಯಾಮ್‌ನ ಆ ಉಬ್ಬು ಮೊಂಡಾಗಿತ್ತು, ಅಂಚಿನಲ್ಲಿ ಉಗುರು ಸಿಕ್ಕುವಷ್ಟು ಆಳದ ಗೀರು. ಉಕ್ಕಿನ ಪುಡಿ ಆಯಿಲ್ ಜೊತೆ ಎಂಜಿನ್ ಪೂರ್ತಿ ಹರಿದಾಡಿತ್ತು. ಬೇರಿಂಗ್, ಆಯಿಲ್ ಪಂಪ್, ಕ್ಯಾಮ್ ಎಲ್ಲಾ ಹೋಯಿತು. ಆ ಎಂಜಿನ್ ನಾನೇ ನನ್ನ ಖರ್ಚಿನಲ್ಲಿ ಮತ್ತೆ ಕಟ್ಟಿಕೊಟ್ಟೆ. ಅವತ್ತಿನಿಂದ ಹಳೇ ಟ್ರೇ ನನ್ನ ಬೆಂಚಿನಿಂದ ಸೀದಾ ಕಸದ ಡಬ್ಬಿಗೆ ಹೋಗುತ್ತದೆ.

ಲಿಂಕ್‌ಬಾರ್ ಲಿಫ್ಟರಿನ ದೊಡ್ಡ ಲಾಭ ಇಲ್ಲೇ ಇದೆ. ಎರಡೆರಡು ಲಿಫ್ಟರ್‌ಗಳನ್ನು ಒಂದು ಉಕ್ಕಿನ ಪಟ್ಟಿ ಜೋಡಿಸಿರುತ್ತದೆ, ತಿರುಗುವ ಮಾತೇ ಇಲ್ಲ. ಪ್ಲಾಸ್ಟಿಕ್ಕಿನ ಹಂಗೂ ಇಲ್ಲ. ಜಾನ್ಸನ್, ಮೋರೆಲ್ ಕಂಪನಿಗಳದ್ದು ಒಳ್ಳೇ ಹೆಸರಿದೆ, ನಾನೂ ಹಾಕಿದ್ದೇನೆ. ಬೆಲೆ ಎಲ್‌ಎಸ್7 ಸೆಟ್ಟಿಗಿಂತ ಎಷ್ಟೋ ಜಾಸ್ತಿ. 7,000 ದಾಟಿ ಓಡಿಸುವವರಿಗೆ, ಟರ್ಬೊ ಹಾಕಿ ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕುವವರಿಗೆ ಆ ದುಡ್ಡು ಸಾರ್ಥಕ. ನಿಮ್ಮ 6,600ಕ್ಕೆ ಕಡ್ಡಾಯವಲ್ಲ. ಎಲ್‌ಎಸ್7 ಲಿಫ್ಟರ್ 2006ರ ಕಾರ್ವೆಟ್ ಝಡ್06ರ 7 ಲೀಟರ್ ಎಂಜಿನ್ನಿಗೆ ಬಂದದ್ದು. ಆ ಎಂಜಿನ್ನಿನ ಕೆಂಪು ಗೆರೆ 7,000 ಆರ್‌ಪಿಎಂ, ರಾಕರ್ ಅನುಪಾತ 1.8. ಅಲ್ಲಿ ನಿಂತ ಲಿಫ್ಟರ್ ನಿಮ್ಮಲ್ಲೂ ನಿಲ್ಲುತ್ತದೆ. ಅದು ಟ್ರೇ ಬಳಸುವ ಲಿಫ್ಟರೇ, ನಿಮ್ಮ ಬ್ಲಾಕಿಗೆ ಹಾಗೇ ಕೂರುತ್ತದೆ. ತಗೊಳ್ಳುವಾಗ ಗೊತ್ತಿರುವ ಡೀಲರ್ ಹತ್ತಿರ ತಗೊಳ್ಳಿ. ಅಗ್ಗಕ್ಕೆ ಸಿಕ್ಕಿತು ಅಂತ ಹೆಸರಿಲ್ಲದ ಡಬ್ಬಿಯಲ್ಲಿ ಬಂದದ್ದನ್ನು ಹಾಕಬೇಡಿ.

ಶಾರ್ಟ್ ಟ್ರಾವೆಲ್ ಅನ್ನುವುದರ ಬಗ್ಗೆಯೂ ಕೇಳಿದ್ದೀರಿ. ಅದಕ್ಕೆ ಮೊದಲು ಪ್ರೀಲೋಡ್ ಅಂದರೆ ಏನು ಅಂತ ಗೊತ್ತಿರಬೇಕು. ನಿಮ್ಮ ಪ್ರಶ್ನೆಯಲ್ಲಿ ಇಲ್ಲದೇ ಹೋದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದೇ.

ಹೈಡ್ರಾಲಿಕ್ ಲಿಫ್ಟರ್ ಒಳಗಿನ ಪ್ಲಂಜರ್ ಮೇಲ್ಗಡೆ ಒಂದು ಕ್ಲಿಪ್ಪಿಗೆ ತಾಗಿ ನಿಂತಿರುತ್ತದೆ. ರಾಕರ್ ಬೋಲ್ಟ್ ಬಿಗಿ ಮಾಡಿದಾಗ ಪುಶ್‌ರಾಡ್ ಆ ಪ್ಲಂಜರನ್ನು ಸ್ವಲ್ಪ ಒಳಕ್ಕೆ ತಳ್ಳುತ್ತದೆ. ಎಷ್ಟು ತಳ್ಳಿತೋ ಅದೇ ಪ್ರೀಲೋಡ್. ಕಡಿಮೆಯಾದರೆ ಸದ್ದು ಬರುತ್ತದೆ, ಕ್ಲಿಪ್ಪಿಗೆ ಪೆಟ್ಟು ಬೀಳುತ್ತದೆ. ಜಾಸ್ತಿಯಾದರೆ ಪ್ಲಂಜರ್ ತಳ ಮುಟ್ಟಿ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಹೋಗುತ್ತದೆ, ವಾಲ್ವ್ ಸುಡುತ್ತದೆ. ಇನ್ನೊಂದು ತೊಂದರೆ ಜೋರಾಗಿ ಓಡಿಸುವಾಗ. ಸ್ಪ್ರಿಂಗ್ ಹಿಡಿತ ತಪ್ಪಿ ವಾಲ್ವ್ ಒಂದು ಕ್ಷಣ ತೇಲಿದರೆ ಮಧ್ಯೆ ಸಂದು ಬೀಳುತ್ತದೆ. ಲಿಫ್ಟರ್ ತನ್ನ ಕೆಲಸ ಅಂತ ಆ ಸಂದಿಗೆ ಆಯಿಲ್ ತುಂಬಿಕೊಂಡುಬಿಡುತ್ತದೆ. ಆಮೇಲೆ ವಾಲ್ವ್ ಮುಚ್ಚಲು ಜಾಗವೇ ಇರುವುದಿಲ್ಲ. ಇದನ್ನೇ ಪಂಪ್ ಅಪ್ ಅನ್ನುವುದು. ಶಾರ್ಟ್ ಟ್ರಾವೆಲ್ ಲಿಫ್ಟರಿನಲ್ಲಿ ಪ್ಲಂಜರ್ ಓಡಾಡುವ ಜಾಗವೇ ಕಡಿಮೆ, ಹಾಗಾಗಿ ತುಂಬಿಕೊಂಡರೂ ಸ್ವಲ್ಪವೇ ತುಂಬಿಕೊಳ್ಳುತ್ತದೆ. ರೇಸ್ ಎಂಜಿನ್ನಿಗೆ ಒಳ್ಳೆಯದು. ಆದರೆ ಜಾಗ ಕಡಿಮೆ ಅಂದರೆ ತಪ್ಪಿಗೂ ಜಾಗ ಕಡಿಮೆ. ಪುಶ್‌ರಾಡ್ ಉದ್ದದಲ್ಲಿ ಹದಿನೈದು ಇಪ್ಪತ್ತು ಥೌ ಹೆಚ್ಚುಕಮ್ಮಿಯಾದರೆ ಎಲ್‌ಎಸ್7 ಲಿಫ್ಟರ್ ನುಂಗಿಕೊಳ್ಳುತ್ತದೆ, ಶಾರ್ಟ್ ಟ್ರಾವೆಲ್ ನುಂಗುವುದಿಲ್ಲ.

ಇನ್ನು ನಿಮ್ಮ ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ಪುಶ್‌ರಾಡ್ ಉಕ್ಕು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ. ಸುಮಾರು 7 ಇಂಚು ಉದ್ದಕ್ಕೆ, 80 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಲೆಕ್ಕ ಹಾಕಿದರೆ ಆರೇಳು ಥೌ ವ್ಯತ್ಯಾಸ ಬರುತ್ತದೆ. ಅಂದರೆ ತಣ್ಣಗಿರುವಾಗ ನೀವು ಇಟ್ಟ ಪ್ರೀಲೋಡ್ ಬಿಸಿಯಾದಾಗ ಅಷ್ಟು ಕಡಿಮೆಯಾಗುತ್ತದೆ. ಆಸ್ಟಿನ್ ಬೇಸಿಗೆಯ ಟ್ರಾಫಿಕ್ಕಿನಲ್ಲಿ ನಿಂತಾಗ ಆಯಿಲ್ ತೆಳ್ಳಗಾಗಿ, ಪ್ರೀಲೋಡೂ ಕಡಿಮೆಯಾದರೆ ಲಿಫ್ಟರ್ ಟಿಕ್ ಟಿಕ್ ಅನ್ನುವುದು ಸಹಜ. ದಿನಾ ಓಡಿಸುವ ಕಾರಿಗೆ ನಾನು ಉದ್ದ ಟ್ರಾವೆಲ್ ಲಿಫ್ಟರನ್ನೇ ಇಷ್ಟಪಡುವುದು ಇದಕ್ಕೆ.

ಈಗ ಅಳೆಯುವುದು ಹೇಗೆ ನೋಡಿ. ಎಲ್‌ಎಸ್1ಗೆ ಫ್ಯಾಕ್ಟರಿ ಪುಶ್‌ರಾಡ್ 7.400 ಇಂಚು. ಕ್ಯಾಮ್ ಬದಲಿಸುವ ಬಹಳ ಜನ ಸುಮ್ನೆ ಅದೇ ಉದ್ದದ್ದನ್ನು ತರಿಸಿಬಿಡುತ್ತಾರೆ. ನಿಮ್ಮಲ್ಲಿ ಎರಡು ಬದಲಾವಣೆ ಆಗಿದೆ. ಹೆಡ್ಡಿನಿಂದ 30 ಥೌ ತೆಗೆದಿದ್ದೀರಿ, ರಾಕರ್ ಅಷ್ಟು ಕೆಳಗೆ ಬಂತು, ಪುಶ್‌ರಾಡ್ ಗಿಡ್ಡ ಬೇಕು. ಹೊಸ ಕ್ಯಾಮ್‌ನ ಉಬ್ಬಿಲ್ಲದ ಭಾಗ, ಅಂದರೆ ಬೇಸ್ ಸರ್ಕಲ್, ಹಳೆಯದಕ್ಕಿಂತ ಚಿಕ್ಕದಿರಬಹುದು. ಆಗ ಲಿಫ್ಟರ್ ಕೆಳಗೆ ಇಳಿಯುತ್ತದೆ, ಪುಶ್‌ರಾಡ್ ಉದ್ದ ಬೇಕು. ಗ್ಯಾಸ್ಕೆಟ್ ದಪ್ಪ ಬೇರೆಯಾದರೆ ಅದೂ ಸೇರುತ್ತದೆ. ಇದೆಲ್ಲಾ ಕೂಡಿ ಕಳೆದು ಎಷ್ಟು ಉಳಿಯಿತು ಅಂತ ಊಹೆಯಲ್ಲಿ ಹೇಳಲು ಯಾರಿಂದಲೂ ಆಗದು.

ಉದ್ದ ಹೊಂದಿಸಬಹುದಾದ ಚೆಕಿಂಗ್ ಪುಶ್‌ರಾಡ್ ಒಂದು ತಗೊಳ್ಳಿ, ದುಬಾರಿಯಲ್ಲ. ಹೆಡ್ಡನ್ನು ನೀವು ಹಾಕುವ ಗ್ಯಾಸ್ಕೆಟ್ ಜೊತೆಗೇ ಬಿಗಿ ಮಾಡಿ, ಆದರೆ ಹಳೇ ಬೋಲ್ಟಿನಿಂದ, ಅಳತೆಗೆ ಅಷ್ಟು ಸಾಕು. ಒಂದು ಸಿಲಿಂಡರ್ ಆರಿಸಿಕೊಳ್ಳಿ. ಎಕ್ಸಾಸ್ಟ್ ವಾಲ್ವ್ ತೆರೆಯಲು ಶುರುವಾದಾಗ ಇನ್‌ಟೇಕ್ ಲಿಫ್ಟರ್ ಬೇಸ್ ಸರ್ಕಲ್ ಮೇಲೆ ಇರುತ್ತದೆ, ಆಗ ಇನ್‌ಟೇಕ್ ಅಳೆಯಿರಿ. ಇನ್‌ಟೇಕ್ ಇನ್ನೇನು ಮುಚ್ಚುತ್ತಿರುವಾಗ ಎಕ್ಸಾಸ್ಟ್ ಅಳೆಯಿರಿ. ರಾಕರ್ ಬೋಲ್ಟನ್ನು 22 ಪೌಂಡ್-ಅಡಿಗೆ ಪೂರ್ತಿ ಬಿಗಿ ಮಾಡಿ, ಆಮೇಲೆ ಚೆಕಿಂಗ್ ಪುಶ್‌ರಾಡನ್ನು ಬೆರಳಲ್ಲಿ ತಿರುಗಿಸಿ ಉದ್ದ ಮಾಡುತ್ತಾ ಹೋಗಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪುಶ್‌ರಾಡನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ, ಬಿಗಿ ಬಂತು ಅನ್ನಿಸಿದಾಗ ನಿಲ್ಲಿಸುವ ಅಭ್ಯಾಸ ತುಂಬಾ ಜನಕ್ಕಿದೆ. ಅದು ಮೋಸ ಮಾಡುತ್ತದೆ. ಲಿಫ್ಟರ್ ಒಳಗಿನ ಸ್ಪ್ರಿಂಗ್ ಬಹಳ ಮೆತ್ತಗೆ, ನಿಮಗೆ ಬಿಗಿ ಅನ್ನಿಸುವ ಹೊತ್ತಿಗೆ ಪ್ಲಂಜರ್ ಆಗಲೇ ಇಳಿದಿರುತ್ತದೆ. ಹೊರಳಿಸಬೇಡಿ, ಮೇಲೆ ಕೆಳಗೆ ಅಲುಗಾಡಿಸಿ. ಮೊದಲು ಸಣ್ಣಗೆ ಕಟ್ ಕಟ್ ಅನ್ನುವ ಆಟ ಬೆರಳಿಗೆ ತಾಗುತ್ತದೆ. ಆ ಆಟ ಎಲ್ಲಿ ಮಾಯವಾಯಿತೋ ಅಲ್ಲೇ ನಿಲ್ಲಿಸಿ. ಅದೇ ಸೊನ್ನೆ ಗ್ಯಾಪ್.

ಈಗ ಪುಶ್‌ರಾಡ್ ಹೊರಗೆ ತೆಗೆದು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಉದಾಹರಣೆಗೆ 7.310 ಬಂತು ಅಂತ ಇಟ್ಟುಕೊಳ್ಳಿ. ಎಲ್‌ಎಸ್7 ಲಿಫ್ಟರಿಗೆ 60ರಿಂದ 80 ಥೌ ಪ್ರೀಲೋಡ್ ನನಗೆ ಚೆನ್ನಾಗಿ ನಡೆದಿದೆ. 70 ಕೂಡಿಸಿದರೆ 7.380. ಪುಶ್‌ರಾಡ್ ಸಾಮಾನ್ಯವಾಗಿ 25 ಥೌ ಹೆಜ್ಜೆಯಲ್ಲಿ ಸಿಗುತ್ತವೆ, ಹಾಗಾಗಿ 7.375 ತಗೊಂಡರೆ ಪ್ರೀಲೋಡ್ 65 ಆಯಿತು, ಸರಿಯಾಗಿದೆ. ಅದೇ ಕಣ್ಣುಮುಚ್ಚಿ 7.400 ಹಾಕಿದ್ದರೆ 90 ಆಗುತ್ತಿತ್ತು. ಶಾರ್ಟ್ ಟ್ರಾವೆಲ್ ಲಿಫ್ಟರ್ ಆಗಿದ್ದರೆ ಅಷ್ಟಕ್ಕೇ ತಳ ಮುಟ್ಟಿಬಿಡಬಹುದಿತ್ತು. ಬೇರೆ ಕಂಪನಿ ಲಿಫ್ಟರ್ ಹಾಕುವುದಾದರೆ ನನ್ನ ಅಂಕಿ ಬಿಟ್ಟು ಅವರ ಡಬ್ಬಿಯಲ್ಲಿರುವ ಹಾಳೆ ನೋಡಿ. ಒಂದೇ ಸಿಲಿಂಡರ್ ಸಾಲದು, ಎರಡೂ ಹೆಡ್ಡಿನಲ್ಲಿ ಒಂದೊಂದು ಇನ್‌ಟೇಕ್, ಒಂದೊಂದು ಎಕ್ಸಾಸ್ಟ್ ಅಳೆಯಿರಿ. ಪುಶ್‌ರಾಡ್ ಗೋಡೆ ದಪ್ಪ ಇರುವುದನ್ನೇ ತಗೊಳ್ಳಿ. ಆರು ಮೂಟೆ ಭಾರಕ್ಕೆ ತೆಳು ಗೋಡೆಯದ್ದು ಬಿಲ್ಲಿನ ಹಾಗೆ ಬಾಗುತ್ತದೆ, ಲಿಫ್ಟರ್ ತಪ್ಪು ಅಂತ ಬೈಸಿಕೊಳ್ಳುತ್ತದೆ.

ಹೆಡ್ ಮಿಲ್ಲಿಂಗ್ ಮಾಡಿ ದೊಡ್ಡ ಕ್ಯಾಮ್ ಹಾಕುವವರು ಪಿಸ್ಟನ್‌ಗೂ ವಾಲ್ವ್‌ಗೂ ನಡುವಿನ ಜಾಗ ನೋಡಲೇಬೇಕು. ಎಲ್‌ಎಸ್1 ಪಿಸ್ಟನ್ ತಲೆ ಚಪ್ಪಟೆ, ವಾಲ್ವ್‌ಗೆ ಅಂತ ಕೊರೆದ ಗುಳಿ ಇಲ್ಲ. ಇನ್‌ಟೇಕ್‌ಗೆ 80 ಥೌ, ಎಕ್ಸಾಸ್ಟ್‌ಗೆ 100 ಥೌ ಇರಲಿ ಅನ್ನುವುದು ವಾಡಿಕೆ. ಪಿಸ್ಟನ್ ತಲೆ ಮೇಲೆ ಮೆತ್ತನೆ ಕ್ಲೇ ಇಟ್ಟು, ಎಂಜಿನ್ ಕೈಯಲ್ಲಿ ತಿರುಗಿಸಿ ಆ ಜಾಗ ನೋಡುವಾಗ ಒಂದು ಎಚ್ಚರ. ಹೈಡ್ರಾಲಿಕ್ ಲಿಫ್ಟರಿನ ಮೇಲೆ ಗಟ್ಟಿ ಸ್ಪ್ರಿಂಗ್ ಇದ್ದರೆ ಕೈಯಲ್ಲಿ ತಿರುಗಿಸುವಾಗ ಲಿಫ್ಟರ್ ಕುಗ್ಗುತ್ತದೆ, ವಾಲ್ವ್ ನಿಜವಾಗಿ ಇಳಿಯುವಷ್ಟು ಇಳಿಯುವುದಿಲ್ಲ, ಜಾಗ ಇದೆ ಅಂತ ಸುಳ್ಳು ಸಮಾಧಾನ ಆಗುತ್ತದೆ. ಅಳತೆಗೆ ಮೆತ್ತನೆ ಚೆಕಿಂಗ್ ಸ್ಪ್ರಿಂಗ್ ಹಾಕಿಕೊಳ್ಳಿ.

ಗೆಳೆಯರು ಹೇಳಿದ ಸಾಲಿಡ್ ರೋಲರ್ ಬಗ್ಗೆ. ಅದರಲ್ಲಿ ಆಯಿಲ್ ಕುಶನ್ ಇಲ್ಲ, ಪಂಪ್ ಅಪ್ ಆಗುವ ಮಾತಿಲ್ಲ, ಎಂಟು ಸಾವಿರಕ್ಕೂ ನಿಲ್ಲುತ್ತದೆ. ಅದಕ್ಕೆಂದೇ ರೇಸ್‌ನವರು ಹಾಕುತ್ತಾರೆ. ಆದರೆ ಗ್ಯಾಪ್ ಇಡಬೇಕು, ಆಗಾಗ ನೋಡುತ್ತಿರಬೇಕು. ನಿಮ್ಮ ಫ್ಯಾಕ್ಟರಿ ರಾಕರ್‌ನಲ್ಲಿ ಗ್ಯಾಪ್ ಹೊಂದಿಸುವ ವ್ಯವಸ್ಥೆಯೇ ಇಲ್ಲ, ರಾಕರ್ ಸೆಟ್ ಪೂರ್ತಿ ಬದಲಾಗಬೇಕು. ಹೈಡ್ರಾಲಿಕ್ ರೋಲರ್‌ಗೆ ಅಂತ ಉಜ್ಜಿದ ಕ್ಯಾಮ್ ಕೂಡ ಅದಕ್ಕೆ ಹೊಂದದು. ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಐಡಲ್‌ನಲ್ಲಿ ನಿಂತಾಗ ಚಕ್ರದ ಒಳಗಿನ ಸೂಜಿ ಬೇರಿಂಗ್‌ಗೆ ಆಯಿಲ್ ಸಾಲದೆ ಸವೆಯುವುದು ಅದರ ಹಳೇ ಕಾಯಿಲೆ. ಬೇರಿಂಗ್‌ಗೆ ನೇರ ಆಯಿಲ್ ಹೋಗುವ, ಅಥವಾ ಸೂಜಿ ಬದಲು ಬುಷ್ ಇರುವ ಲಿಫ್ಟರ್‌ಗಳು ಬಂದಿವೆ, ಆದರೂ ಆಫೀಸಿಗೆ ಹೋಗುವ ಕಾರಿಗೆ ಬೇಡ.

ಇದನ್ನು ಓದುವವರಲ್ಲಿ 1970ರ ದಶಕದ ಹಳೇ ಸ್ಮಾಲ್ ಬ್ಲಾಕ್ (ಶೆವ್ರೊಲೆಯ ಹಳೇ ವಿ8 ಎಂಜಿನ್) ಇಟ್ಟುಕೊಂಡವರೂ ಇರಬಹುದು, ಅವರಿಗೆ ಎರಡು ಮಾತು. ನಿಮ್ಮದು ತುದಿಯಲ್ಲಿ ಚಕ್ರ ಇಲ್ಲದ ಫ್ಲಾಟ್ ಟ್ಯಾಪೆಟ್, ಅದರ ಧರ್ಮವೇ ಬೇರೆ. ಅದು ಬೋರಿನಲ್ಲಿ ತಿರುಗಲೇಬೇಕು. ಹೊಸ ಕ್ಯಾಮ್‌ಗೆ ಹಳೇ ಲಿಫ್ಟರ್ ಯಾವತ್ತೂ ಹಾಕಬೇಡಿ, ಒಂದರ ಜಾಗಕ್ಕೆ ಇನ್ನೊಂದನ್ನು ಅದಲುಬದಲು ಮಾಡಬೇಡಿ. ಮೊದಲ ಸಲ ಸ್ಟಾರ್ಟ್ ಆದ ಕೂಡಲೇ 2,000ದಿಂದ 2,500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಐಡಲ್‌ಗೆ ಬಿಡಬೇಡಿ. ಈಗಿನ ಆಯಿಲ್‌ಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲು ಸತು, ರಂಜಕ ಕಡಿಮೆ ಮಾಡಿದ್ದಾರೆ. ಹಾಗಾಗಿ ಸತು (ಜಿಂಕ್) ಜಾಸ್ತಿ ಇರುವ ಬ್ರೇಕ್-ಇನ್ ಆಯಿಲ್ಲೇ ಬೇಕು.

ಮತ್ತೆ ನಿಮ್ಮ ಕಾರಿಗೆ. ಮುಂದಿನ ಕವರ್ ಹೇಗೂ ಬಿಚ್ಚುತ್ತೀರಿ, ಆಯಿಲ್ ಪಂಪಿಗೆ ಸೇರುವ ಪಿಕಪ್ ಪೈಪಿನ ಓ-ರಿಂಗ್ ಬದಲಿಸದೆ ಮುಚ್ಚಬೇಡಿ. ಇಷ್ಟು ಓಡಿದ ಮೇಲೆ ಆ ರಬ್ಬರ್ ಗಟ್ಟಿಯಾಗಿ ಗಾಳಿ ಎಳೆಯಲು ಶುರುಮಾಡುತ್ತದೆ. ಆಯಿಲ್ ಜೊತೆ ಗಾಳಿ ಗುಳ್ಳೆ ಹೋದರೆ ಲಿಫ್ಟರ್ ಸ್ಪಂಜಿನಂತಾಗುತ್ತದೆ. ಹೊಸ ಲಿಫ್ಟರ್ ಹಾಕಿಯೂ ಸದ್ದು ಹೋಗಲಿಲ್ಲ ಅಂತ ಬಂದ ಕಾರುಗಳಲ್ಲಿ ಈ ಸಣ್ಣ ರಿಂಗೇ ಕಳ್ಳನಾಗಿದ್ದದ್ದನ್ನು ನೋಡಿದ್ದೇನೆ. ಲಿಫ್ಟರ್ ಬೋರ್‌ಗಳನ್ನೂ ಟಾರ್ಚ್ ಹಾಕಿ ನೋಡಿ. ಉದ್ದುದ್ದ ಗೀರು ಇದ್ದರೆ ಮೆಷಿನ್ ಶಾಪಿಗೆ ತೋರಿಸಿ, ಅಲ್ಲಿಗೆ ಲಿಫ್ಟರ್ ಆಯ್ಕೆಯ ಪ್ರಶ್ನೆ ಮುಗಿದು ಬ್ಲಾಕಿನ ಪ್ರಶ್ನೆ ಶುರುವಾಗುತ್ತದೆ.

ಎಲ್ಲಾ ಕಟ್ಟಿದ ಮೇಲೆ ಫ್ಯೂಯಲ್, ಇಗ್ನಿಷನ್ ಫ್ಯೂಸ್ ತೆಗೆದು, ಆಯಿಲ್ ಪ್ರೆಷರ್ ಏರುವವರೆಗೆ ಬರೀ ಸ್ಟಾರ್ಟರ್‌ನಲ್ಲಿ ಬಿಟ್ಟುಬಿಟ್ಟು ತಿರುಗಿಸಿ. ನಿಮ್ಮದು ರೋಲರ್ ಆದ್ದರಿಂದ ಇಪ್ಪತ್ತು ನಿಮಿಷದ ಬ್ರೇಕ್-ಇನ್ ಬೇಕಿಲ್ಲ. ಮೊದಲ ಕೆಲವು ನಿಮಿಷ ಟಿಕ್ ಟಿಕ್ ಬಂದರೆ ಹೆದರಬೇಡಿ, ಲಿಫ್ಟರ್ ಒಳಗಿನ ಗಾಳಿ ಹೊರಗೆ ಹೋಗುತ್ತಿರುತ್ತದೆ. ಪೂರ್ತಿ ಬಿಸಿಯಾದ ಮೇಲೂ ಒಂದೇ ಜಾಗದಿಂದ ಸದ್ದು ಬರುತ್ತಿದ್ದರೆ ಓಡಿಸಬೇಡಿ, ವಾಲ್ವ್ ಕವರ್ ತೆಗೆದು ಆ ಪುಶ್‌ರಾಡ್ ನೋಡಿ. 500 ಮೈಲಿಗೆ ಆಯಿಲ್ ಬದಲಿಸಿ ಫಿಲ್ಟರನ್ನು ಕತ್ತರಿಸಿ ಬಿಚ್ಚಿ. ಒಳಗಿನ ಮಡಿಕೆ ಕಾಗದವನ್ನು ಬಿಸಿಲಲ್ಲಿ ಹರಡಿ, ಅದರ ಮೇಲೆ ಒಂದು ಆಯಸ್ಕಾಂತ ಆಡಿಸಿ. ಬೂದುಬಣ್ಣದ ನುಣ್ಣನೆ ಮಸಿ ಸ್ವಲ್ಪ ಅಂಟಿದರೆ ಪರವಾಗಿಲ್ಲ. ಸೂಜಿಮೊನೆಯಂಥ ಚೂರು ಒಂದೇ ಒಂದು ಸಿಕ್ಕರೂ ಅವತ್ತೇ ಎಂಜಿನ್ ನಿಲ್ಲಿಸಿ, ಆ ಚೂರಿನ ಫೋಟೊ ತೆಗೆದು ನನಗೆ ಕಳಿಸಿ.